ಎಡಗೈಯ ತಿದ್ದುಪಡಿ

ಸೊಸೆ ಮೊದಲ ಸಲ ನೀರಿನ ಲೋಟದ ಚಿತ್ರ ಬರೆದು ತೋರಿಸಿದ ದಿನ ಅತ್ತೆ ಅರ್ಧ ಗಂಟೆ ನೀರು ಮುಟ್ಟಲಿಲ್ಲ. ಬಾಯಾರಿಕೆ ಇರಲಿಲ್ಲವೆಂದಲ್ಲ, ತುಟಿ ಒಣಗಿ ಬಿಳಿಚಿಕೊಂಡಿತ್ತು. ಚಿತ್ರ ಸರಿ ಇರಲಿಲ್ಲ, ಅಷ್ಟೇ.

"ಅಲ್ಲ," ಎಂದರು ಅತ್ತೆ.

"ನೀರು ಬೇಡ್ವಾ?"

"ಅಲ್ಲ."

"ಹಾಗಾದ್ರೆ ಬೇಕಾ?"

"ಅಲ್ಲ."

ಸೊಸೆ ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಗೋಡೆಗೊರಗಿ ನೆಲದ ಮೇಲೇ ಕುಳಿತುಬಿಟ್ಟಳು. ಬೆಳಗ್ಗೆ ಆರಕ್ಕೆ ಆಸ್ಪತ್ರೆಯ ಲಾಂಡ್ರಿಗೆ ಹೋಗಿ, ಎಂಟು ಗಂಟೆ ಹೊತ್ತು ಹಾಸಿಗೆಯ ಬಟ್ಟೆಗಳನ್ನು ಇಸ್ತ್ರಿ ಯಂತ್ರದ ಬಿಸಿ ರೋಲರಿಗೆ ಕೊಟ್ಟು, ಆಚೆ ಕಡೆಯಿಂದ ಎಳೆದು, ಮಡಿಸಿ ಬಂದಿದ್ದಳು. ಮೊಣಕಾಲಿನ ಕೆಳಗೆ ಕಾಲು ತನ್ನದೇ ಹೌದೋ ಅಲ್ಲವೋ ಅನ್ನುವಂತಾಗಿತ್ತು. ಗಂಡ ಅವಳು ಬರುವುದನ್ನೇ ಕಾದಿದ್ದು, ಚೀಲ ಹೆಗಲಿಗೇರಿಸಿಕೊಂಡು ಎರಡನೇ ಪಾಳಿಗೆ ಹೊರಟುಹೋಗಿದ್ದ. ಅವನದು ಲಿಫ್ಟ್ ರಿಪೇರಿ ಕೆಲಸ. ಊರಿನ ಲಿಫ್ಟುಗಳನ್ನೆಲ್ಲ ಏರಿಸಿ ಇಳಿಸುವವನು ವಾಸವಿದ್ದ ಕಟ್ಟಡಕ್ಕೇ ಲಿಫ್ಟ್ ಇರಲಿಲ್ಲ. ಹಾಗಾಗಿ ಗಂಡ ಹೆಂಡತಿಯ ಭೇಟಿ ದಿನಾ ಮಧ್ಯಾಹ್ನ ಎರಡೂವರೆಗೆ, ಮೆಟ್ಟಿಲ ಮೇಲೆ. "ಮಾತ್ರೆ ಕೊಟ್ಟಾಯ್ತು," ಅನ್ನುತ್ತಿದ್ದ ಅವನು ಇಳಿಯುತ್ತಾ. "ಸರಿ," ಅನ್ನುತ್ತಿದ್ದಳು ಇವಳು ಏರುತ್ತಾ. ಎಂಟು ತಿಂಗಳಿಂದ ಅವರ ಸಂಸಾರದ ಮಾತುಕತೆ ಹೆಚ್ಚುಕಡಿಮೆ ಇಷ್ಟೇ.

ಎಂಟು ತಿಂಗಳ ಹಿಂದೆ ಅತ್ತೆ ಬಚ್ಚಲ ಬಾಗಿಲಲ್ಲಿ ಲಕ್ವ ಹೊಡೆದು ಬಿದ್ದಿದ್ದರು. ಬಲಗೈ, ಬಲಗಾಲು ಹೋದವು. ಮಾತು ಹೋಯಿತು. ಅಕ್ಷರಗಳೂ ಮಾತಿನ ಹಿಂದೆಯೇ ಹೊರಟುಹೋದವು. ಎದುರಿನವರು ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು, ತಾವು ಹೇಳಬೇಕಾದದ್ದು ಮಾತ್ರ ಹೊರಗೆ ಬರುತ್ತಿರಲಿಲ್ಲ. ಬಾಯಲ್ಲಿ ಉಳಿದದ್ದು ಒಂದೇ ಪದ, "ಅಲ್ಲ". ಬೇಕು ಅನ್ನುವುದಕ್ಕೂ ಅಲ್ಲ, ಬೇಡ ಅನ್ನುವುದಕ್ಕೂ ಅಲ್ಲ. ತಲೆಯಾಡಿಸುವುದೂ ಒಮ್ಮೊಮ್ಮೆ ತಿರುವುಮುರುವಾಗುತ್ತಿತ್ತು. ಮನೆಯವರು ಒಂದೊಂದಾಗಿ ಹತ್ತು ಸಾಮಾನು ತಂದು ಮುಂದೆ ಹಿಡಿದು, ಹನ್ನೊಂದನೆಯದಕ್ಕೆ ಅತ್ತೆಯ ಕಣ್ಣು ಅರಳಿದರೆ ಅದೇ ಇರಬೇಕು ಎಂದುಕೊಳ್ಳುತ್ತಿದ್ದರು.

ಆ ಪದವೇ ಯಾಕೆ ಉಳಿಯಿತು ಅನ್ನುವುದಕ್ಕೆ ಗಂಡ ಒಂದು ಕಾರಣ ಹೇಳುತ್ತಿದ್ದ. "ಮೂವತ್ತೊಂದು ವರ್ಷ ಅಮ್ಮ ಅತಿ ಹೆಚ್ಚು ಬಳಸಿದ ಪದ ಅದೇ ಅಲ್ವಾ? ನಾಲಿಗೆಗೆ ದಾರಿ ಗೊತ್ತು."

ಅತ್ತೆ ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತಿದ್ದರು. ಮಕ್ಕಳು ಅವರಿಗೆ ಇಟ್ಟ ಹೆಸರು ಗೆರೆ ಟೀಚರ್. ಹೂವು ಬರೆಯಬೇಕೆಂದು ಬಂದ ಮಗುವಿಗೆ ಮೊದಲ ಮೂರು ತಿಂಗಳು ಬರೀ ಗೆರೆ. ನೇರ ಗೆರೆ, ಓರೆ ಗೆರೆ, ಆಮೇಲೆ ವೃತ್ತ, ಆಮೇಲೆ ಪೆಟ್ಟಿಗೆ. ಹೂವಿನ ಹೊತ್ತಿಗೆ ತರಗತಿಯಲ್ಲಿ ಅರ್ಧ ಜನ ಸಂಗೀತಕ್ಕೆ ಹೋಗಿರುತ್ತಿದ್ದರು. ಮನೆಯಲ್ಲೂ ಅವರ ಕಣ್ಣು ಅದೇ ಕಣ್ಣು. ಹದಿನಾಲ್ಕು ವರ್ಷದ ಹಿಂದೆ ಮದುವೆಯಾಗಿ ಬಂದ ಸೊಸೆ ಗೋಡೆಗೆ ಕ್ಯಾಲೆಂಡರ್ ನೇತುಹಾಕಿದರೆ, ಅತ್ತೆ ಕೈಯಲ್ಲಿದ್ದದ್ದನ್ನು ಕೆಳಗಿಟ್ಟು ಬಂದು ಅದನ್ನು ಒಂದು ಬೆರಳಿನಷ್ಟು ಎಡಕ್ಕೆ ಸರಿಸಿ ಹೋಗುತ್ತಿದ್ದರು. ಬೈದವರಲ್ಲ. ಸರಿಸಿದವರು. ಬೈದಿದ್ದರೆ ತಿರುಗಿ ಬೈಯಬಹುದಿತ್ತು ಎಂದು ಸೊಸೆಗೆ ಎಷ್ಟೋ ಸಲ ಅನಿಸಿತ್ತು.

ಚಿತ್ರದ ಉಪಾಯ ಹೇಳಿದವಳು ಮಂಗಳವಾರ ಮಂಗಳವಾರ ಬರುವ ಮಾತಿನ ಡಾಕ್ಟರಮ್ಮ. ಅವಳು ಮೊದಲು ಅಚ್ಚು ಹಾಕಿದ ಒಂದು ಹಾಳೆ ತಂದಿದ್ದಳು. ಲೋಟ, ಮಂಚ, ಕಂಬಳಿ, ಹಲ್ಲು ಕಿರಿಯುವ ದುಂಡು ಮುಖದ ಗೊಂಬೆ. ಅತ್ತೆ ಅದನ್ನು ಎಡಗೈಯಲ್ಲಿ ಹಿಡಿದು ಮೇಲಿಂದ ಕೆಳಗೆ ನೋಡಿ, ಮಂಚದ ಆಚೆ ನೆಲಕ್ಕೆ ಬಿಟ್ಟರು. ಮೊಬೈಲಿನಲ್ಲಿ ಫೋಟೋ ತೋರಿಸಿದರೆ ಆ ಹೊಳೆಯುವ ಗಾಜಿನ ಮೇಲೆ ಅವರ ಕಣ್ಣು ನಿಲ್ಲುತ್ತಿರಲಿಲ್ಲ. ಎಡಗೈಗೆ ಪೆನ್ಸಿಲ್ ಕೊಟ್ಟು ನೀವೇ ಬರೆದು ತೋರಿಸಿ ಅಂದಾಗ ಒಂದೇ ಒಂದು ಗೆರೆ ಎಳೆದರು. ಅದು ಹುಳ ಹರಿದಂತೆ ಹೋಯಿತು. ಅದನ್ನು ನೋಡಿದವರೇ ಪೆನ್ಸಿಲನ್ನು ಬಾಗಿಲಿನ ಕಡೆ ಎಸೆದು ಗೋಡೆಗೆ ಮುಖ ಮಾಡಿ ಮಲಗಿದರು.

"ಹಾಗಾದ್ರೆ ನೀವೇ ಬರೀರಿ," ಅಂದಳು ಡಾಕ್ಟರಮ್ಮ ಸೊಸೆಗೆ. "ನಿಮ್ಮನೆ ಲೋಟ, ನಿಮ್ಮನೆ ಬಚ್ಚಲು. ನೋಡಿ ಗೊತ್ತಿರೋ ವಸ್ತು ಆದ್ರೆ ಬೆರಳಿಟ್ಟು ತೋರಿಸ್ತಾರೆ."

"ನನಗೆ ಬರೆಯೋಕೆ ಬರಲ್ಲ ಮೇಡಂ. ಶಾಲೇಲೂ ಬರೆದವಳಲ್ಲ."

"ಚೆನ್ನಾಗಿರ್ಬೇಕು ಅಂತೇನಿಲ್ಲ. ಹೇಗಿದ್ರೂ ನಡೆಯುತ್ತೆ."

ಹೇಗಿದ್ದರೂ ನಡೆಯುತ್ತೆ ಅನ್ನುವ ಮಾತು ಆ ಕೋಣೆಯಲ್ಲಿ ಯಾರ ಕಿವಿಗೆ ಬೀಳುತ್ತಿದೆ ಎಂದು ಪಾಪ ಆ ಡಾಕ್ಟರಮ್ಮನಿಗೆ ಗೊತ್ತಿರಲಿಲ್ಲ.

ಹೀಗೆ ಹುಟ್ಟಿದ್ದು ಆ ಮೊದಲ ಲೋಟ. ಲಾಂಡ್ರಿಯಲ್ಲಿ ಬಟ್ಟೆಯ ಲೆಕ್ಕ ಬರೆದು ಎಸೆಯುವ ಚೀಟಿಗಳ ಹಿಂಬದಿ ಖಾಲಿ ಇರುತ್ತಿತ್ತು. ಅಂಥದ್ದೊಂದರ ಮೇಲೆ ಸೊಸೆ ಬಾಯಿಗೆ ಒಂದು ಸೊನ್ನೆ ಎಳೆದು, ಎರಡು ಪಕ್ಕಕ್ಕೆ ಎರಡು ಗೆರೆ ಇಳಿಸಿ, ತಳಕ್ಕೆ ಒಂದು ಅಡ್ಡಗೆರೆ ಹಾಕಿದ್ದಳು. ಯಾರು ನೋಡಿದರೂ ಲೋಟ ಅನ್ನುವಂತಿತ್ತು. ಅತ್ತೆ ಮಾತ್ರ ತಮ್ಮ ಹಳೆಯ ಕಪಾಟಿನ ಕಡೆ ಬೆರಳು ಚಾಚಿ ಚಾಚಿ ಒಂದೇ ಸಮನೆ "ಅಲ್ಲ, ಅಲ್ಲ" ಅನ್ನತೊಡಗಿದರು. ಸೊಸೆ ಎದ್ದು ಒಂದೊಂದೇ ಖಾನೆ ಎಳೆದು ತೋರಿಸಿದಳು. ಮೂರನೆಯದರಲ್ಲಿ ತಗಡಿನ ಡಬ್ಬಿ, ಅದರೊಳಗೆ ಗೇಣುದ್ದದ ಕೆಂಪು ಪೆನ್ಸಿಲ್. ಅತ್ತೆ ಅದನ್ನು ಎಡಮುಷ್ಟಿಯಲ್ಲಿ ಚಾಕು ಹಿಡಿದಂತೆ ಹಿಡಿದು, ಲೋಟದ ತಳದ ಅಡ್ಡಗೆರೆಯನ್ನು ಹೊಡೆದುಹಾಕಿ, ಅದರ ಕೆಳಗೆ ನಡುಗುವ ಒಂದು ಬಾಗುಗೆರೆ ಎಳೆದರು. ಬಾಯಿ ದುಂಡಗಿದ್ದರೆ ತಳವೂ ದುಂಡಗಿರಬೇಕಲ್ಲ.

ಸೊಸೆ ಕಿಟಕಿಯ ಕಟ್ಟೆಯ ಮೇಲಿದ್ದ ನಿಜವಾದ ಲೋಟವನ್ನು ನೋಡಿದಳು. ತಳ ಬಾಗಿತ್ತು. ಹದಿನಾಲ್ಕು ವರ್ಷದಿಂದ ಆ ಲೋಟ ತೊಳೆಯುತ್ತಿದ್ದಳು, ನೋಡಿರಲಿಲ್ಲ.

"ಈಗ ನೀರು ಕುಡೀತೀರೋ, ಇನ್ನೊಂದು ಪರೀಕ್ಷೆ ಇದೆಯೋ?" ಅಂದಳು.

ಅತ್ತೆ ಬಾಯಿ ತೆರೆದರು. ಲೋಟದ ನೀರನ್ನು ಅರ್ಧ ಕುಡಿದು, ಉಳಿದರ್ಧವನ್ನು ಕತ್ತಿನ ಮೇಲೆ ಇಳಿಸಿಕೊಂಡರು.

ಮರುದಿನದಿಂದ ಅಭ್ಯಾಸ ಶುರುವಾಯಿತು. ಅದನ್ನು ಶುರುಮಾಡಿದ್ದು ತಾನಲ್ಲ ಎಂದು ಸೊಸೆ ಆಮೇಲೆ ಎಲ್ಲರಿಗೂ ಹೇಳುತ್ತಿದ್ದಳು. ಬಚ್ಚಲ ಚಿತ್ರ ಬರೆದು ತಂದರೆ ಅತ್ತೆ ಅದನ್ನು ಮಗುಚಿಹಾಕಿ, ಬಟ್ಟೆ ಲೆಕ್ಕದ ಕೆಳಗಿನ ಬಿಳಿ ಜಾಗದಲ್ಲಿ ಎರಡು ಚುಕ್ಕಿ ಇಟ್ಟು, ಒಂದರಿಂದ ಇನ್ನೊಂದಕ್ಕೆ ಗೆರೆ ಎಳೆಯುವಂತೆ ಬೆರಳಾಡಿಸಿದರು. ಸೊಸೆ ಎಳೆದಳು. ಅಲ್ಲ. ಮತ್ತೆ ಎಳೆದಳು. ಅಲ್ಲ. ನಲವತ್ತು ಗೆರೆ ಎಳೆದಾಗ ಅತ್ತೆ ಅವಳ ಮಣಿಕಟ್ಟನ್ನು ಹಿಡಿದು, ಇದು ಬೇಡ ಎಂಬಂತೆ ಅಲ್ಲಾಡಿಸಿ ಬಿಟ್ಟು, ಹೆಗಲಿಗೆ ಎರಡೇಟು ಮೆಲ್ಲಗೆ ಹಾಕಿದರು. ಆ ಸನ್ನೆಯ ಅರ್ಥ ಅವಳಿಗೆ ತಿಳಿದದ್ದು ಮೂರು ದಿನ ಬಿಟ್ಟು, ಲಾಂಡ್ರಿಯಲ್ಲಿ, ಒದ್ದೆ ಬಟ್ಟೆಯೊಂದನ್ನು ಝಾಡಿಸುವಾಗ. ಮಣಿಕಟ್ಟಿನಿಂದ ಝಾಡಿಸಿದರೆ ಬಟ್ಟೆ ಮುದುಡುತ್ತದೆ. ಹೆಗಲಿನಿಂದ ಝಾಡಿಸಿದರೆ ಅಂಚು ನೆಟ್ಟಗೆ ಹೋಗಿ ಬೀಳುತ್ತದೆ. ಅವತ್ತು ಸಂಜೆ ಹೆಗಲಿನಿಂದ ಗೆರೆ ಎಳೆದಳು. ಅತ್ತೆ ಅಲ್ಲ ಅನ್ನಲಿಲ್ಲ. ಅನ್ನದೆ ಇದ್ದದ್ದೇ ಸರಿ ಅಂದಹಾಗಾಯಿತು.

ದಿನಾ ಸಂಜೆ ಐದಕ್ಕೆ, ಅತ್ತೆಯ ಮೈ ಒರೆಸಿ, ಹೊದಿಕೆ ಬದಲಿಸಿ, ಊಟದ ತಯಾರಿ ಒಲೆಯ ಮೇಲಿಟ್ಟು ಬಂದು, ಒಂದು ಹಾಳೆ. ಗೆರೆಯಾದ ಮೇಲೆ ಮೊಟ್ಟೆಯಾಕಾರ, ಮೊಟ್ಟೆಯಾಕಾರವಾದ ಮೇಲೆ ಪೆಟ್ಟಿಗೆ. ಕೆಂಪು ಪೆನ್ಸಿಲ್ ಬಂದು ಒಂದೊಂದರ ಮೇಲೂ ಅಡ್ಡ ಹೊಡೆಯುತ್ತಿತ್ತು. ಪೆಟ್ಟಿಗೆಯ ಹಿಂದಿನ ಮೂಲೆ ಎಲ್ಲಿ ಕೂಡಬೇಕೋ ಅಲ್ಲೊಂದು ಚುಕ್ಕಿ. ಸೊಸೆಗೆ ಒಮ್ಮೊಮ್ಮೆ ಬರೆಯುತ್ತ ಬರೆಯುತ್ತಲೇ ಜೊಂಪು ಹತ್ತಿ, ಗೆರೆ ಹಾಳೆಯಿಂದಾಚೆ ಹೊದಿಕೆಯ ಮೇಲೆ ಹೋಗುತ್ತಿತ್ತು. ಆಗ ಅತ್ತೆ ಹೊದಿಕೆಯ ಮೇಲಿನ ಗೆರೆಗೂ ಅಡ್ಡ ಹೊಡೆಯುತ್ತಿದ್ದರು. ಅದನ್ನು ಒಗೆಯುವವಳು ಯಾರು ಎಂದು ಅವರಿಗೆ ಗೊತ್ತಿಲ್ಲದೇನಿಲ್ಲ.

ಒಂದು ಗುರುವಾರ ಸೊಸೆಯ ಸಹನೆ ಮುಗಿಯಿತು. ಹಾಳೆ ತುಂಬ ಮೂವತ್ತು ಪೆಟ್ಟಿಗೆ, ಮೂವತ್ತಕ್ಕೂ ಕೆಂಪು ಅಡ್ಡ.

"ಹದಿನಾಲ್ಕು ವರ್ಷ ಆಯ್ತು ನಾನು ಈ ಮನೆಗೆ ಬಂದು," ಅಂದಳು. ದನಿ ಏರಿಸಲಿಲ್ಲ, ಏರಿಸುವಷ್ಟು ತ್ರಾಣ ಇರಲಿಲ್ಲ. "ಒಂದೇ ಒಂದು ದಿನ, ಒಂದೇ ಒಂದು ಕೆಲಸಕ್ಕೆ ಸರಿ ಅಂದಿದ್ದೀರಾ ಅತ್ತೆ? ಮಾತಿದ್ದಾಗ್ಲೂ ಅನ್ಲಿಲ್ಲ. ಈಗ ಅನ್ನೋಕಾಗಲ್ಲ. ನಿಮಗೇನು, ಅನುಕೂಲವೇ ಆಯ್ತು."

ಕ್ಷಮೆ ಕೇಳಲಿಲ್ಲ. ಅಡುಗೆಮನೆಗೆ ಹೋಗಿ ತೊಳೆದಿಟ್ಟ ಪಾತ್ರೆಯನ್ನೇ ಇನ್ನೊಮ್ಮೆ ತೊಳೆದಳು. ತಿರುಗಿ ಬಂದಾಗ ಅತ್ತೆ ಕಣ್ಣು ಮುಚ್ಚಿದ್ದರು. ಹಾಳೆ ಎದೆಯ ಮೇಲಿತ್ತು. ಎತ್ತಿ ಇಡಲು ಹೋದಾಗ ಕಂಡಿತು. ಕೊನೆಯ ಸಾಲಿನ ಎರಡನೇ ಪೆಟ್ಟಿಗೆಯ ಅಡ್ಡಗೆರೆಯ ಪಕ್ಕದಲ್ಲಿ, ತುಂಬ ಚಿಕ್ಕದಾಗಿ, ಒಂದು ಸರಿ ಗುರುತು. ಪೆಟ್ಟಿಗೆಯ ಒಂದು ಮೂಲೆ ಮಾತ್ರ ಸರಿ ಇತ್ತು, ಆ ಮೂಲೆಗೆ ಮಾತ್ರ ಗುರುತು. ಇಷ್ಟು ಸಣ್ಣದಕ್ಕೆ ಇಷ್ಟು ಹಿಗ್ಗಿದ್ದಕ್ಕೆ ಸೊಸೆಗೆ ತನ್ನ ಮೇಲೇ ನಾಚಿಕೆಯಾಯಿತು. ಆದರೂ ಆ ಹಾಳೆಯನ್ನು ಎಸೆಯಲಿಲ್ಲ.

ಎರಡು ತಿಂಗಳಲ್ಲಿ ಹನ್ನೊಂದು ಚಿತ್ರ ತಯಾರಾದವು. ಬಚ್ಚಲು, ಕಂಬಳಿ, ಕನ್ನಡಕ, ಬೆನ್ನಿಗೆ ದಿಂಬು, ಕಿಟಕಿ ಮುಚ್ಚು, ಕಿಟಕಿ ತೆರೆ, ಇಂಥವು. ಅತ್ತೆ ಬೆರಳಿಟ್ಟು ತೋರಿಸುತ್ತಿದ್ದರು. ಮನೆಯಲ್ಲಿ ಊಹಿಸುವ ಕೆಲಸ ಅರ್ಧಕ್ಕರ್ಧ ಕಡಿಮೆಯಾಯಿತು. ಆದರೆ ಎತ್ತುವುದು, ಮಗ್ಗುಲು ಬದಲಿಸುವುದು, ಒರೆಸುವುದು, ಇವು ಚಿತ್ರದಿಂದ ಕಡಿಮೆಯಾಗುವ ಕೆಲಸಗಳಲ್ಲ. ಸೊಸೆ ಮಲಗುತ್ತಿದ್ದದ್ದು ಅತ್ತೆಯ ಮಂಚದ ಪಕ್ಕ, ನೆಲದ ಮೇಲೆ ಒಂದು ಚಾಪೆ ಹಾಸಿಕೊಂಡು. ಮೂರು ಸಲ ಏಳದೆ ಬೆಳಗಾದ ದಿನ ಅವಳಿಗೆ ನೆನಪಿರಲಿಲ್ಲ.

ಒಂದು ದಿನ ಲಾಂಡ್ರಿಯಲ್ಲಿ ನಿಂತಂತೆಯೇ ಕಣ್ಣು ಮುಚ್ಚಿಹೋಯಿತು. ಎಚ್ಚರವಾದದ್ದು ಎಡಗೈ ರೋಲರಿಗೆ ತಾಗಿದಾಗ. ಪಕ್ಕದವಳು ಕೆಂಪು ಗುಂಡಿ ಒತ್ತಿ ಯಂತ್ರ ನಿಲ್ಲಿಸದಿದ್ದರೆ ಕೈಯೇ ಹೋಗುತ್ತಿತ್ತು. ಮಣಿಕಟ್ಟಿನಿಂದ ಮೊಣಕೈವರೆಗೆ ಸುಟ್ಟು, ಚರ್ಮದ ಮೇಲೆ ನೀರುಗುಳ್ಳೆಗಳೆದ್ದವು. ಮೇಲ್ವಿಚಾರಕ ಒಂದು ವಾರ ರಜೆ ಬರೆದುಕೊಟ್ಟು, "ಮನೇಲಿ ನಿದ್ದೆ ಮಾಡಮ್ಮ, ಇಲ್ಲಿ ಬೇಡ," ಅಂದ.

ಆ ಸಂಜೆ ಗಂಡ ಪಾಳಿಯನ್ನು ಅರ್ಧಕ್ಕೇ ಬಿಟ್ಟು ಬಂದು, ಬ್ಯಾಂಡೇಜು ಸುತ್ತಿದ ಕೈಯನ್ನು ಬಹಳ ಹೊತ್ತು ನೋಡಿ, ತಂಗಿಗೆ ಫೋನ್ ಮಾಡಿದ.

ನಾದಿನಿ ಭಾನುವಾರ ಬಂದಳು. ಬೇರೆ ಊರಿನಲ್ಲಿ ಬ್ಯಾಂಕಿನ ಕೆಲಸ, ಎರಡು ಸಣ್ಣ ಮಕ್ಕಳು, ಅವಳ ಮನೆಯೂ ಬಾಡಿಗೆಯ ಎರಡು ಕೋಣೆ. ಕೆಟ್ಟವಳಲ್ಲ. ಕೆಲಸದ ಮಾತನ್ನು ಸುತ್ತಿಬಳಸದೆ ಹೇಳುವವಳು. ಅಡುಗೆಮನೆಯಲ್ಲಿ ಬಾಗಿಲು ಓರೆಮಾಡಿ ಹೇಳಿದಳು.

"ಅತ್ತಿಗೆ, ಒಂದು ಆರೈಕೆ ಮನೆ ಇದೆ. ನಿಮ್ಮ ಮನೆಯಿಂದ ಬಸ್ಸಲ್ಲಿ ಅರ್ಧ ಗಂಟೆ. ನಾನು ವಿಚಾರಿಸಿದ್ದೀನಿ. ಇಬ್ಬರು ನರ್ಸ್ ಇದ್ದಾರೆ, ಹಗಲು ರಾತ್ರಿ ಆಯಾ ಇರ್ತಾರೆ."

"ಅತ್ತೆ ಒಪ್ಪಲ್ಲ."

"ಕೇಳಿದ್ದೀರಾ?"

ಸೊಸೆ ಕೇಳಿರಲಿಲ್ಲ. ಕೇಳಿದರೆ ಎಲ್ಲಿ ಹೂಂ ಅಂದುಬಿಡುತ್ತಾರೋ, ಅಂದರೆ ತನಗೆಲ್ಲಿ ಸಂತೋಷವಾಗಿಬಿಡುತ್ತದೋ ಎಂದು ಹೆದರಿದ್ದಳು.

ನಾದಿನಿ ಹೋಗಿ ಅಮ್ಮನ ಪಕ್ಕ ಕುಳಿತು, ಬಣ್ಣದ ಒಂದು ಕೈಪತ್ರಿಕೆ ಬಿಚ್ಚಿ ತೋರಿಸಿದಳು. ಬೆಳ್ಳಗೆ ನಗುವ ಮುದುಕ ಮುದುಕಿಯರ ಚಿತ್ರಗಳು. "ಇಲ್ಲಿಗೆ ಹೋಗ್ತೀಯೇನಮ್ಮ? ಸ್ವಲ್ಪ ದಿನ ಇದ್ದು ನೋಡ್ತೀಯಾ?"

"ಅಲ್ಲ," ಅಂದರು ಅತ್ತೆ, ಮುಖ ತಿರುಗಿಸಿ.

"ಇದು ಬೇಡ ಅಂತಲೋ, ಬೇಕು ಅಂತಲೋ?" ನಾದಿನಿ ಅಣ್ಣನ ಮುಖ ನೋಡಿದಳು. ಅಣ್ಣ ಹೆಂಡತಿಯ ಮುಖ ನೋಡಿದ.

"ಅವರು ಅಂದಿದ್ದು ಈ ಚಿತ್ರಕ್ಕೆ," ಅಂದಳು ಸೊಸೆ. ಆ ಅಲ್ಲ ಅವಳಿಗೆ ಚೆನ್ನಾಗಿ ಪರಿಚಯವಿತ್ತು. "ಇಂಥ ಚಿತ್ರ ಅವರು ನಂಬಲ್ಲ."

"ಹಾಗಾದ್ರೆ ನೀವೇ ಹೋಗಿ ನೋಡಿ ಬರೆದುಕೊಂಡು ಬನ್ನಿ ಅತ್ತಿಗೆ. ಅಮ್ಮನ್ನ ಎರಡು ಮಹಡಿ ಇಳಿಸಿ ತೋರಿಸಿಕೊಂಡು ಬರೋದಕ್ಕೆ ನಾಲ್ಕು ಜನ ಬೇಕು. ಅದನ್ನೂ ಬರೀರಿ, ಈ ಕೋಣೇನೂ ಬರೀರಿ. ಎರಡರಲ್ಲಿ ಯಾವುದು ಅಂತ ಅವಳೇ ಬೆರಳಿಡ್ಲಿ."

ಹೀಗೆ ಮರುದಿನ, ಸುಟ್ಟ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡು, ಸೊಸೆ ಬಸ್ಸು ಹತ್ತಿ ಆರೈಕೆ ಮನೆಗೆ ಹೋದಳು. ಮೊದಲ ಮಹಡಿಯ ಒಂದು ಕೋಣೆ ತೋರಿಸಿದರು. ಮೂರು ಮಂಚ. ಒಂದರಲ್ಲಿ ಒಬ್ಬ ಅಜ್ಜಿ ಮಲಗಿದ್ದಳು, ಎರಡು ಖಾಲಿ. ಫಿನಾಯಿಲಿನ ವಾಸನೆ, ಅದರ ಕೆಳಗೆ ಇನ್ನೊಂದು ವಾಸನೆ. ಕಿಟಕಿ ಒಂದೇ, ಅದೂ ಚಿಕ್ಕದು. ಅದರಾಚೆ ಪಕ್ಕದ ಕಟ್ಟಡದ ಗೋಡೆ, ಗೋಡೆಯ ಮೇಲೆ ನೀರಿನ ಪೈಪುಗಳು. ಪ್ರತಿ ಮಂಚದ ತಲೆಯ ಹತ್ತಿರ ಕರೆಗಂಟೆಯ ಗುಂಡಿ. ಬಾಗಿಲ ಬಳಿ ಆಯಾ ಕೂರುವ ಸ್ಟೂಲು. ಹಾಸಿಗೆಯ ಬಟ್ಟೆ ಶುಭ್ರವಾಗಿತ್ತು. ಅಂಚು ಹೇಗೆ ಮಡಿಸಿದ್ದಾರೆ ಎಂದು ಸೊಸೆ ಎತ್ತಿ ನೋಡಿದಳು. ಪರವಾಗಿಲ್ಲ ಅನಿಸಿತು.

ಸ್ಟೂಲಿನ ಮೇಲೆ ಕುಳಿತು ಒಂದು ಗಂಟೆ ಬರೆದಳು. ಕೋಣೆಯೆಂದರೆ ಒಳಗಿನಿಂದ ನೋಡಿದ ಪೆಟ್ಟಿಗೆ, ಅಷ್ಟೇ. ಮೂವತ್ತು ಮೂವತ್ತರಂತೆ ಪೆಟ್ಟಿಗೆ ಬರೆದ ಕೈ ತಾನಾಗಿ ಹೋಯಿತು. ಮನೆಗೆ ಬಂದು, ತಮ್ಮ ಕೋಣೆಯನ್ನೂ ಇನ್ನೊಂದು ಹಾಳೆಯ ಮೇಲೆ ಬರೆದಳು. ಸಂಜೆ ಐದಕ್ಕೆ ಎರಡನ್ನೂ ಅತ್ತೆಯ ಮುಂದೆ ಇಟ್ಟಳು. ಗಂಡ ಅವತ್ತು ರಜೆ ಹಾಕಿದ್ದ. ನಾದಿನಿ ಸಂಜೆಯ ರೈಲಿಗೆ ಹೊರಡಲು ಚೀಲ ಕಟ್ಟಿಕೊಂಡು ಕುಳಿತಿದ್ದಳು.

ಅತ್ತೆ ಮೊದಲು ಆರೈಕೆ ಮನೆಯ ಹಾಳೆ ಎತ್ತಿಕೊಂಡರು. ಮಂಚದ ಮೇಲೆ ಬೆರಳಿಟ್ಟು, ಆ ಬೆರಳನ್ನು ಹಾಗೆಯೇ ಎಳೆದುಕೊಂಡು ಹೋಗಿ ಕಿಟಕಿಯ ಮೇಲಿಟ್ಟರು. ಮತ್ತೆ ಮಂಚ, ಮತ್ತೆ ಕಿಟಕಿ. ಕೆಂಪು ಪೆನ್ಸಿಲಿನ ಉದ್ದದಿಂದ ಒಂದನ್ನು ಅಳೆದು ಇನ್ನೊಂದರ ಮೇಲಿಟ್ಟರು. ಆಮೇಲೆ ಸೊಸೆಯ ಕಡೆ ನೋಡಿದರು.

"ಅಲ್ಲ."

ಚಿತ್ರದಲ್ಲಿ ಕಿಟಕಿ ಮಂಚದಷ್ಟು ಉದ್ದವಿತ್ತು. ಒಂದು ಗೋಡೆಯ ಮುಕ್ಕಾಲು ಭಾಗ ಕಿಟಕಿಯೇ. ಆಚೆಯ ಗೋಡೆ ಇರಲಿಲ್ಲ, ಪೈಪು ಇರಲಿಲ್ಲ. ಸೊಸೆ ಹಾಳೆಯನ್ನು ತನ್ನತ್ತ ತಿರುಗಿಸಿ ನೋಡಿದಳು. ದೇವರಾಣೆಗೂ ಬೇಕೆಂದು ಬರೆದದ್ದಲ್ಲ. ಬರೆಯುವಾಗ ಕೈ ಒಂದಿಷ್ಟು ಹೆಚ್ಚು ಚಾಚಿತ್ತು, ಅವಳು ಬೇಡ ಅಂದಿರಲಿಲ್ಲ. ಆ ಕೋಣೆಯನ್ನು ಕಣ್ಣಾರೆ ನೋಡದ ಅತ್ತೆ, ಅಷ್ಟು ಮಂಚಕ್ಕೆ ಅಷ್ಟು ಕಿಟಕಿ ಇರಲು ಸಾಧ್ಯವಿಲ್ಲ ಎಂದು ಅಳತೆಯಿಂದಲೇ ಹಿಡಿದಿದ್ದರು.

"ಕಿಟಕಿ ಚಿಕ್ಕದು ಅತ್ತೆ," ಅಂದಳು. "ಆಚೆ ಬರೀ ಗೋಡೆ. ನೀವು ಹೋಗ್ಲಿ ಅಂತ ದೊಡ್ಡದು ಮಾಡಿದೆ ಅನ್ಸುತ್ತೆ."

ನಾದಿನಿ ಚೀಲದ ಜಿಪ್ಪನ್ನು ಎಳೆದಳು, ಮತ್ತೆ ಬಿಟ್ಟಳು. ಅತ್ತೆಯ ಮುಖದಲ್ಲಿ ಸಿಟ್ಟೇನೂ ಇರಲಿಲ್ಲ. ಕೆಂಪು ಪೆನ್ಸಿಲ್ ಹಿಡಿದು ಕಾದಿದ್ದರು. ಎಲ್ಲಿಯವರೆಗೆ ಎಂದು ಕೇಳುವಂತೆ ಕಿಟಕಿಯ ಅಂಚಿನ ಮೇಲೆ ಮೊನೆ ಸರಿಸುತ್ತ ಬಂದರು. ಸೊಸೆ, "ಇನ್ನೂ ಒಳಗೆ. ಇನ್ನೂ. ಅಲ್ಲಿ," ಅಂದಾಗ ಅಲ್ಲೊಂದು ಗೆರೆ ಎಳೆದು ಕಿಟಕಿಯನ್ನು ನಿಜದ ಅಳತೆಗೆ ತಂದರು. ಉಳಿದ ಜಾಗವನ್ನು ಗೋಡೆ ಮಾಡಿ ಅಡ್ಡಗೆರೆಗಳಿಂದ ತುಂಬಿದರು.

ಆಮೇಲೆ ಎರಡನೇ ಹಾಳೆ, ತಮ್ಮದೇ ಕೋಣೆಯದು. ಅತ್ತೆ ಚಿತ್ರವನ್ನು ನೋಡಿದರು, ಕೋಣೆಯನ್ನು ನೋಡಿದರು, ಮತ್ತೆ ಚಿತ್ರವನ್ನು ನೋಡಿದರು. ಕಪಾಟು ಇತ್ತು. ಕಿಟಕಿ ಇತ್ತು, ಅಳತೆ ಸರಿ ಇತ್ತು. ಔಷಧಿಯ ಬಾಟಲಿಗಳು ಕೂಡ ಇದ್ದವು. ಅತ್ತೆ ಮಂಚದ ಪಕ್ಕದ ಖಾಲಿ ನೆಲದ ಮೇಲೆ ಪೆನ್ಸಿಲಿನ ಮೊನೆ ಊರಿದರು. ಕೈ ನಡುಗಿತು. ಬಿಟ್ಟುಬಿಡುತ್ತಾರೆ ಎಂದುಕೊಂಡರು ಎಲ್ಲರೂ. ಬಿಡಲಿಲ್ಲ. ಒಂದು ಗೆರೆ, ಅದರ ಪಕ್ಕದಲ್ಲಿ ಇನ್ನೊಂದು, ಎರಡು ತುದಿಗೂ ಎರಡು ಸಣ್ಣ ಗೆರೆ. ಸೊಟ್ಟಪಟ್ಟ ಒಂದು ಚಾಪೆ. ಅದರ ಮೇಲೆ ಒಂದು ಸುರುಳಿ ಎಳೆದರು. ಮೊದಲು ಯಾರಿಗೂ ತಿಳಿಯಲಿಲ್ಲ. ಮುದುಡಿ ಮಲಗಿದ ಬೆನ್ನು ಅದು. ಲಕ್ವ ಹೊಡೆದ ಮೇಲೆ ಅತ್ತೆ ತಾವಾಗಿ ಬರೆದ ಮೊದಲ ಚಿತ್ರ.

ಆ ಸುರುಳಿಯ ಮೇಲೆ ಬೆರಳಿನಿಂದ ಎರಡು ಸಲ ತಟ್ಟಿ, ಸೊಸೆಯ ಬ್ಯಾಂಡೇಜಿನ ಕೈಯನ್ನು ತೋರಿಸಿದರು. ಆಮೇಲೆ ಮೊದಲ ಹಾಳೆಯನ್ನು ಎಳೆದುಕೊಂಡು, ಮೂರು ಮಂಚಗಳಲ್ಲಿ ಕಿಟಕಿಯ ಪಕ್ಕದ್ದನ್ನು ಆರಿಸಿ, ಅದರ ಮೇಲೆ ಸರಿ ಗುರುತು ಹಾಕಿದರು.

"ಬೇಡ ಅತ್ತೆ," ಅಂದಳು ಸೊಸೆ. "ನನ್ನ ಕೈ ವಾಸಿಯಾಗುತ್ತೆ. ಇನ್ನೊಂದು ವಾರ ಅಷ್ಟೇ." ಹೇಳುವಾಗಲೇ ಮೈಯೊಳಗೆ ಎಲ್ಲಿಯೋ ಒಂದು ಗಂಟು ಸಡಿಲವಾಗುತ್ತಿರುವುದು ಅವಳಿಗೆ ತಿಳಿಯುತ್ತಿತ್ತು. ಅದಕ್ಕೇ ಅಳು ಬಂತು. ಅತ್ತೆ ಆ ಗುರುತಿನ ಮೇಲೆಯೇ ಇನ್ನೊಮ್ಮೆ, ಒತ್ತಿ, ಪೆನ್ಸಿಲ್ ಎಳೆದರು. ಗಂಡ ಎದ್ದು ಹೋಗಿ ಬಾಲ್ಕನಿಯಲ್ಲಿ ಬೆನ್ನು ಮಾಡಿ ನಿಂತ.

ಹತ್ತು ದಿನದಲ್ಲಿ ಅತ್ತೆಯನ್ನು ಕರೆದೊಯ್ದರು. ಗಂಡನ ಜೊತೆ ಕೆಲಸ ಮಾಡುವ ಮೂವರು ಬಂದು, ಕುರ್ಚಿಯಲ್ಲಿ ಕೂರಿಸಿ ಮೆಟ್ಟಿಲಿಳಿಸಿದರು. ಮೊದಲ ದಿನ ಸೊಸೆ ಮಧ್ಯಾಹ್ನ ಮೂರಕ್ಕೆ ಮಲಗಿದವಳು ಮರುದಿನ ಬೆಳಗ್ಗೆ ಐದಕ್ಕೆ ಎದ್ದಳು. ಎದ್ದಾಗ ದಿಂಬು ಒದ್ದೆಯಾಗಿತ್ತು. ಅತ್ತಿದ್ದು ನೆನಪಿರಲಿಲ್ಲ. ನೆಂಟರಲ್ಲಿ ಒಬ್ಬಿಬ್ಬರು ಫೋನಿನಲ್ಲಿ "ಅಂತೂ ಸಾಗಹಾಕಿದ್ರಿ" ಅಂದರು. ಅದಕ್ಕೆ ಉತ್ತರ ಕೊಡುವಷ್ಟು ನಿದ್ದೆ ಇನ್ನೂ ಆಗಿರಲಿಲ್ಲ.

ಎರಡನೇ ವಾರ ಆರೈಕೆ ಮನೆಯ ನರ್ಸ್ ಫೋನ್ ಮಾಡಿದಳು. "ಏನು ಕೊಟ್ರೂ ಅಲ್ಲ ಅಂತಾರೆ. ಊಟ ತಟ್ಟೆಯಲ್ಲೇ ಇರುತ್ತೆ. ನಿಮ್ಮನೇಲೂ ಹೀಗೇನಾ?"

ಸೊಸೆ ಲಾಂಡ್ರಿ ಮುಗಿಸಿ ನೇರ ಅಲ್ಲಿಗೆ ಹೋದಳು. ಅತ್ತೆ ಸೊರಗಿಹೋಗಿದ್ದರು. ಕಿಟಕಿಯ ಪಕ್ಕದ ಮಂಚ, ಆಚೆ ಪೈಪುಗಳು. ಮನೆಯಿಂದ ಕಳಿಸಿದ್ದ ಹನ್ನೊಂದು ಚಿತ್ರಗಳ ಲಕೋಟೆ ಕಪಾಟಿನ ಮೇಲೆ ತೆರೆಯದೆ ಬಿದ್ದಿತ್ತು. ತೆರೆದಿದ್ದರೂ ಪ್ರಯೋಜನವಿರಲಿಲ್ಲ. ಅವೆಲ್ಲ ತಮ್ಮ ಮನೆಯ ಬಚ್ಚಲು, ತಮ್ಮ ಮನೆಯ ಕಿಟಕಿ. ಸೊಸೆ ಚೀಲದಿಂದ ಚೀಟಿಗಳ ಕಟ್ಟು ತೆಗೆದು ಸ್ಟೂಲನ್ನು ಮಂಚದ ಬಳಿಗೆ ಎಳೆದುಕೊಂಡಳು. ಇಲ್ಲಿಯ ತಟ್ಟೆ, ಖಾನೆ ಖಾನೆಯದು. ಇಲ್ಲಿಯ ಚಮಚ. ಅನ್ನ ಮೆತ್ತಗೆ ಬೇಕು ಎನ್ನುವುದನ್ನು ಹೇಗೆ ಬರೆಯುವುದೆಂದು ತೋಚದೆ, ಹಬೆಯಾಡುವ ಒಂದು ಬಟ್ಟಲು ಬರೆದಳು. ಅತ್ತೆ ಒಂದೊಂದನ್ನೂ ತೆಗೆದುಕೊಂಡು ತಿದ್ದಿದರು. ತಟ್ಟೆಯ ಅಂಚು ಎರಡು ಸಲ ತಿರಸ್ಕೃತವಾಯಿತು. ಊಟದ ಗಾಡಿ ತಳ್ಳಿಕೊಂಡು ಬಂದ ಆಯಾ ಕಾಯುತ್ತ ನಿಂತಳು.

"ಅಮ್ಮ, ಊಟ ಆರಿಹೋಗುತ್ತೆ."

"ಒಂದು ನಿಮಿಷ ತಾಯಿ. ಇದು ಪಾಸಾಗ್ಲಿ," ಅಂದಳು ಸೊಸೆ.

ಕೊನೆಗೆ ಬಟ್ಟಲಿನ ಚಿತ್ರದ ಮೇಲೆ ಅತ್ತೆಯ ಬೆರಳು ನಿಂತಿತು. ಆಯಾ ಅನ್ನಕ್ಕೆ ಬಿಸಿ ಸಾರು ಹಾಕಿ ಹಿಸುಕಿ ತಂದಳು. ಅತ್ತೆ ಮುಕ್ಕಾಲು ಬಟ್ಟಲು ತಿಂದರು. ಆಯಾ ಅವತ್ತು ಪಾಸಾದ ಏಳು ಚೀಟಿಗಳನ್ನು ಗೋಡೆಗೆ ಅಂಟಿಸಿ, ಹಿಂದೆ ಸರಿದು ನೋಡಿ, "ಇದನ್ನ ಯಾರು ಬರೆದದ್ದು?" ಎಂದು ಕೇಳಿದಳು.

"ನಾನೇ. ತಿದ್ದಿದ್ದು ಇವರು."

"ನಮ್ಮ ಪಕ್ಕದ ಕೋಣೇಲೂ ಒಬ್ಬರು ಮಾತು ಬರದವರಿದ್ದಾರೆ," ಅಂದಳು ಆಯಾ. "ಮುಂದಿನ ಸಲ ಬಂದಾಗ ನೋಡಿ."

"ಬುಧವಾರ ಬರ್ತೀನಿ," ಅಂದಳು ಸೊಸೆ. ಅತ್ತೆ ಆಗಲೇ ಕಣ್ಣು ಮುಚ್ಚಿದ್ದರು.

ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಬುಧವಾರಕ್ಕೆ ಸ್ವಲ್ಪ ದೊಡ್ಡ ಹಾಳೆ ಬೇಕಾಗುತ್ತದೆ, ಲಾಂಡ್ರಿಯ ಆಫೀಸಿನಲ್ಲಿ ಕೇಳಬೇಕು ಎಂದುಕೊಳ್ಳುತ್ತಲೇ ಅವಳಿಗೆ ನಿದ್ದೆ ಹತ್ತಿತು. ಕಂಡಕ್ಟರ್ ಭುಜ ತಟ್ಟಿ ಎಬ್ಬಿಸುವ ಹೊತ್ತಿಗೆ ಬಸ್ಸು ಅವಳ ನಿಲ್ದಾಣ ದಾಟಿ ಎರಡು ನಿಲ್ದಾಣ ಮುಂದೆ ಬಂದಿತ್ತು. ಇಳಿದು, ಚೀಲವನ್ನು ಸುಡದ ಕೈಗೆ ಬದಲಾಯಿಸಿಕೊಂಡು, ಬಂದ ದಾರಿಯಲ್ಲೇ ಹಿಂದಕ್ಕೆ ನಡೆದಳು.